ಎಲ್ಲಿಗೆ ಅಂತ ಕೇಳಬಾರದು

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಹೊರಟು ನಿಂತವರನ್ನು ಯಾರೂ 'ಎಲ್ಲಿಗೆ?' ಎಂದು ಕೇಳುವುದಿಲ್ಲ. ಕೇಳದಿದ್ದರೆ ಹೊಟ್ಟೆಯೊಳಗೆ ಹುಳ ಬಿಟ್ಟ ಹಾಗಾಗುವವರು 'ದೂರಾನಾ?' ಎನ್ನುತ್ತಾರೆ. 'ಇಲ್ಲೇ' ಎಂದರೆ ತರಕಾರಿಗೋ ದೇವಸ್ಥಾನಕ್ಕೋ ಎಂದು ತಿಳಿದುಕೊಳ್ಳಬೇಕು. 'ಸ್ವಲ್ಪ ದೂರ' ಎಂದರೆ ಹಾಸನವೋ ಅರಕಲಗೂಡೋ ಇರಬೇಕು. ಅಪ್ಪಿತಪ್ಪಿ ಯಾರಾದರೂ 'ಎಲ್ಲಿಗೆ' ಎಂದುಬಿಟ್ಟರೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಅಷ್ಟು ಮಾಡಿದರೆ ದೋಷ ಕಳೆಯಿತು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ, ಮೂಢನಂಬಿಕೆಯ ಬಗ್ಗೆ ಮಕ್ಕಳಿಂದ ಪ್ರಬಂಧ ಬರೆಸಿ ನಿವೃತ್ತಳಾದ ಸರಸ ಟೀಚರೂ ಈ ವಿಷಯದಲ್ಲಿ ಬೀದಿಯವರ ಜೊತೆಗೇ. ನಗುವವರು ನಗಲಿ, ಅವಳಿಗೆ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ, ಒಂದು ಬೆಳಿಗ್ಗೆ ಗಂಡ ನಟರಾಜ ಸ್ಕೂಟರ್ ತೆಗೆಯುವ ಸದ್ದು ಕೇಳಿ, ಒಲೆಯ ಮುಂದಿನಿಂದಲೇ "ಎಲ್ಲಿಗೇ?" ಎಂದು ಕೂಗಿದ್ದಳು. "ಅರಕಲಗೂಡಿಗೆ" ಎಂದವನು ಅರಕಲಗೂಡು ತಲುಪಲಿಲ್ಲ. ಲಾರಿ ಹೊಡೆದಿತ್ತು. ಹೆಣ ಮನೆಗೆ ಬಂದಾಗ ಅತ್ತೆ ಕಾಮಾಕ್ಷಮ್ಮ ಎಲ್ಲರ ಹಾಗೆ ಕೂಗಾಡಲಿಲ್ಲ. "ಕೇಳಬಾರದಿತ್ತು ಕಣೇ" ಎಂದರು, ಅಷ್ಟೇ. ಆ ಒಂದು ಮಾತು ಸರಸಳ ಗಂಟಲಿಗೆ ಬೀಗ ಹಾಕಿತು. ಅಲ್ಲಿಂದೀಚೆಗೆ ಅವಳು ಮನೆಗೆ ಬಂದ ಹಾಲಿನವನನ್ನೂ ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದವಳಲ್ಲ.

ಅಂಥವಳನ್ನು ಇಟಲಿಗೆ ಹೊರಡಿಸಿದವಳು ರೂಪಶ್ರೀ. ಚನ್ನರಾಯಪಟ್ಟಣದಲ್ಲಿ ಗಂಡ ರಂಗಸ್ವಾಮಿಯ ಜೊತೆ ಕೊಬ್ಬರಿ ಮಂಡಿ ನಡೆಸುವ ಹೆಂಗಸು. ತವರು ನುಗ್ಗೇಹಳ್ಳಿ, ಧ್ವನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಹಾಸನದ ಕಾಲೇಜು ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಅಂದಿನಿಂದ ಸರಸಳಿಗೆ ಭಯವಾದಾಗಲೆಲ್ಲ ಫೋನು ಹೋಗುವುದು ಅಲ್ಲಿಗೇ. "ಜೀವಮಾನ್ವೆಲ್ಲ ನೀನು ಬೋರ್ಡ್ ಮೇಲೆ ವೆಸೂವಿಯಸ್ ಅಂತ ಬೆಂಕಿ ಬೆಟ್ಟ ಬರ್ದೆ. ಒಂದ್ಸಲ ಕಣ್ಣಾರೆ ನೋಡ್ಕಂಡ್ ಬರಾನ ನಡಿ" ಎಂದು ರೂಪಶ್ರೀ ಹಟ ಹಿಡಿದಳು. ತನ್ನ ಮಗಳು ದಿವ್ಯಾಳಿಂದ ಟಿಕೆಟ್ಟು, ರೂಮು ಎಲ್ಲ ಮಾಡಿಸಿದಳು. ರೋಮ್, ಆಮೇಲೆ ನೇಪಲ್ಸ್, ಅಲ್ಲಿಂದ ಹಡಗಿನಲ್ಲಿ ಪಲೆರ್ಮೊ.

ಹೊರಟ ದಿನ ರೂಪಶ್ರೀ ಕಾರು ತಂದು ಮನೆಯ ಮುಂದೆ ನಿಲ್ಲಿಸಿದ್ದಳು. ಸರಸ ಬೀಗ ಹಾಕಿ, ಬೀಗ ಜಗ್ಗಿ ನೋಡಿ, ಮೆಟ್ಟಿಲು ಇಳಿದಳಷ್ಟೆ. ಎದುರು ಮನೆಯ ಪಂಚಾಕ್ಷರಯ್ಯ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಕಾಂಪೌಂಡಿನಿಂದ ಕತ್ತು ಚಾಚಿ, "ಏನ್ ಟೀಚರೇ, ಎಲ್ಲಿಗೆ ಸವಾರಿ?" ಎಂದರು.

ಸರಸಳ ಕಾಲು ಅಲ್ಲೇ ನಿಂತಿತು. "ರೂಪಾ, ಒಂದು ನಿಮಿಷ ಇರೇ. ಒಳಗೆ ಹೋಗಿ ನೀರು ಕುಡಿದು ಬಂದುಬಿಡ್ತೀನಿ."

"ಬಾ ಸುಮ್ಕೆ! ಇಮಾನ್ದೋರು ನಿನ್ ನೀರಿಗ್ ಕಾಯ್ತಾ ಕುಂತಿರ್ತಾರಾ?" ಎಂದು ರೂಪಶ್ರೀ ಅವಳ ರಟ್ಟೆ ಹಿಡಿದು ಕಾರಿನೊಳಗೆ ಕೂರಿಸಿದಳು. ಕಾರು ಹೊರಟಿತು. ಭಯವೂ ಜೊತೆಗೆ ಹತ್ತಿ ಕೂತಿತು.

ರೋಮಿನಲ್ಲಿ ಸೂಟ್‌ಕೇಸಿನ ಚಕ್ರ ಮುರಿಯಿತು. "ನೋಡಿದ್ಯಾ, ಪಂಚಾಕ್ಷರಯ್ಯ" ಎಂದಳು ಸರಸ. ರೈಲು ತಪ್ಪಿತು. ಪಂಚಾಕ್ಷರಯ್ಯ. ಮಳೆ ಬಂತು, ಕೊಡೆ ರೂಮಿನಲ್ಲಿತ್ತು. ಪಂಚಾಕ್ಷರಯ್ಯ. ಪಾಪ ಆ ಮನುಷ್ಯ ಅಷ್ಟು ಹೊತ್ತಿಗೆ ಕೋಟೆ ಬೀದಿಯಲ್ಲಿ ಪೇಪರ್ ಓದುತ್ತಾ ಕೂತಿದ್ದಿರಬೇಕು. ರೂಪಶ್ರೀ ಮೊದಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ಕಮ್ಮಿಯಾಯಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲತೊಡಗಿದಳು. ತಣ್ಣನೆ ಗಾಳಿಯಲ್ಲೂ ಅವಳ ಹಣೆ ಒದ್ದೆಯಾಗುತ್ತಿತ್ತು. "ಏನಾಯ್ತೇ?" ಎಂದರೆ, "ಗ್ಯಾಸು ಕಣೆ. ಈ ದೇಸ್ದಲ್ಲಿ ಬರೀ ಬ್ರೆಡ್ಡು ತಿಂದು ಒಟ್ಟೆ ಕಲ್ಲಾಗೈತೆ" ಎನ್ನುತ್ತಿದ್ದಳು. ಸರಸ ನಂಬಿದಳು. ನಂಬಲು ಅವಳಿಗೂ ಅದೇ ಬೇಕಾಗಿತ್ತು.

ನೇಪಲ್ಸಿನಲ್ಲಿ ಅವರ ರೂಮು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಕೆಳಗಿನ ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯವರು ಒಣಹಾಕಿದ ಪಂಚೆಯಷ್ಟಗಲದ ಟವೆಲ್ಲಿನ ನೀರು ಇವರ ಬಾಲ್ಕನಿಗೇ ತೊಟ್ಟಿಕ್ಕುತ್ತಿತ್ತು. ಕತ್ತು ಸೊಟ್ಟ ಮಾಡಿ ನೋಡಿದರೆ ಎರಡು ಸೂರುಗಳ ನಡುವೆ ವೆಸೂವಿಯಸ್ಸಿನ ಒಂದು ಚೂರು ಕಾಣುತ್ತಿತ್ತು. ಮೂರನೆಯ ದಿನ ಅಲ್ಲಿಗೆ ಹೋಗುವುದಿತ್ತು. ಕೆಳಗಿನ ಮಹಡಿಯಲ್ಲಿದ್ದ ಮನೆಯಾಕೆಗೆ ಇವರದೇ ವಯಸ್ಸು. ಅವಳಿಗೆ ಇಂಗ್ಲಿಷ್ ಬಾರದು. ಮೊದಲ ದಿನವೇ ರೂಪಶ್ರೀ ಅವಳ ಮೊಬೈಲಿನ ಅನುವಾದದ ಆಪ್‌ನಲ್ಲಿ ಕನ್ನಡ ಹುಡುಕಿ ಕೊಟ್ಟಿದ್ದಳು. ಅವಳು ಫೋನಿಗೆ ಏನೋ ಹೇಳಿದರೆ ಫೋನು ಆಕಾಶವಾಣಿಯ ವಾರ್ತೆಯ ಹಾಗೆ ಕನ್ನಡ ಮಾತಾಡುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ, ಪುಳಿಯೋಗರೆ ಪುಡಿ ಕಲಸಿದ ಅನ್ನ ತಿಂದು ಸರಸ ಮಂಚದ ಮೇಲೆ ಕಾಲು ಚಾಚಿದ್ದಳು. ರೂಪಶ್ರೀ ತಟ್ಟೆಯಲ್ಲಿ ಅರ್ಧ ಬಿಟ್ಟಿದ್ದಳು. ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತು ಬಂದು, ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಹೋದಳು.

"ಸರಸೀ, ಬಂದೆ ಇರು."

ಸರಸ ತಲೆ ಎತ್ತಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಅಭ್ಯಾಸದಂತೆ, "ದೂರಾನಾ?" ಎಂದಳು.

"ಇಲ್ಲ ಕಣೆ. ಇಲ್ಲೇ."

ಅಷ್ಟು ಹೇಳಿಯೂ ರೂಪಶ್ರೀ ಹೊರಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಇನ್ನೇನೋ ಬಾಕಿ ಇದ್ದವಳಂತೆ ಸರಸಳನ್ನೇ ನೋಡುತ್ತಾ ನಿಂತಳು. ಸರಸ ಏನೂ ಕೇಳಲಿಲ್ಲ. "ಮಲಕ್ಕೊ" ಎಂದು ಹೇಳಿ ರೂಪಶ್ರೀ ಬಾಗಿಲು ಎಳೆದುಕೊಂಡಳು.

ಎಚ್ಚರವಾದಾಗ ಗೋಡೆಯ ಮೇಲಿನ ಬಿಸಿಲು ಮೇಲಕ್ಕೇರಿತ್ತು. ಪಕ್ಕದ ಮಂಚ ಖಾಲಿ. ಸರಸ ಕಾಫಿ ಪುಡಿ ತೆಗೆದು ಇಬ್ಬರಿಗೂ ಕಾಫಿ ಮಾಡಿದಳು. ತನ್ನದನ್ನು ಕುಡಿದಳು. ರೂಪಶ್ರೀಯದು ತಣ್ಣಗಾಯಿತು, ಕೆನೆ ಕಟ್ಟಿತು. ಮೊಸರು ತರಲು ಹೋಗಿರಬೇಕು ಎಂದುಕೊಂಡಳು. ಇಷ್ಟು ಹೊತ್ತು ಯಾವ ಮೊಸರು? ಚರ್ಚಿನಲ್ಲಿ ಕೂತಿರಬೇಕು, ಸಮುದ್ರ ನೋಡುತ್ತಿರಬೇಕು. ಫೋನ್ ಮಾಡಿದಳು. ರೂಪಶ್ರೀಯ ದಿಂಬಿನ ಕೆಳಗಿನಿಂದಲೇ ರಿಂಗಾಯಿತು.

ಫೋನು ಇಲ್ಲಿದೆ. ಇಬ್ಬರ ಪಾಸ್‌ಪೋರ್ಟೂ ತನ್ನ ಸೊಂಟದ ಚೀಲದಲ್ಲಿದೆ. ಈ ಮನೆಯ ವಿಳಾಸ ಅವಳಿಗೆ ಬಾಯಲ್ಲಿ ಬಾರದು. ಬಾಲ್ಕನಿಯಿಂದ ಬಗ್ಗಿ ನೋಡಿದಳು. ಅಂಗಡಿಗಳು ಬಾಗಿಲು ಎಳೆದಿದ್ದವು, ಗಲ್ಲಿ ಖಾಲಿಯಾಗಿತ್ತು, ಒಂದು ಸ್ಕೂಟರ್ ಮಾತ್ರ ಸದ್ದು ಮಾಡುತ್ತಾ ಹಾದುಹೋಯಿತು. ಆ ಸದ್ದು ಕೇಳಿದ್ದೇ ಅವಳು ಒಳಗೆ ಬಂದು ಬಾಲ್ಕನಿಯ ಬಾಗಿಲು ಮುಚ್ಚಿದಳು. ಮುಖ ತೊಳೆಯೋಣವೆಂದು ಬಚ್ಚಲಿಗೆ ಹೋದರೆ, ಕಸದ ಬುಟ್ಟಿಯ ತುಂಬ ಗ್ಯಾಸಿನ ಪುಡಿಯ ಹರಿದ ಪೊಟ್ಟಣಗಳು ಬಿದ್ದಿದ್ದವು. ಒಬ್ಬ ಮನುಷ್ಯ ಒಂದು ದಿನದಲ್ಲಿ ನುಂಗುವಷ್ಟಲ್ಲ ಅವು.

ದಿವ್ಯಾಳಿಗೆ ಫೋನ್ ಮಾಡಲೆಂದು ಹೆಸರು ಒತ್ತಲು ಹೋದವಳು ತಡೆದಳು. ಆ ಹುಡುಗಿ ಮೊದಲು ಏನು ಕೇಳುತ್ತಾಳೆ? ಅಮ್ಮ ಎಲ್ಲಿಗೆ ಹೋದರು ಅಂತ. ರಂಗಸ್ವಾಮಿ ಕೇಳುವುದೂ ಅದನ್ನೇ, ಪೊಲೀಸರು ಕೇಳುವುದೂ ಅದನ್ನೇ. ಯಾರಿಗೂ ಹೇಳಲು ಅವಳ ಹತ್ತಿರ ಉತ್ತರವಿರಲಿಲ್ಲ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಸಿಕ್ಕಿಸಿಕೊಂಡು, ರಾಯರನ್ನು ನೆನೆಯುತ್ತಾ ಮೆಟ್ಟಿಲಿಳಿದು ಮನೆಯಾಕೆಯ ಬಾಗಿಲು ಬಡಿದಳು.

ಸರಸಳ ಮುಖ ನೋಡಿದ್ದೇ ಆಕೆ ಫೋನು ಹಿಡಿದು ಮಾತಾಡಿದಳು. ಫೋನು ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳಿತು: "ನಿಮ್ಮ ಸ್ನೇಹಿತೆ ಎಲ್ಲಿಗೆ ಹೋದರು?"

ಆ ಮೆಟ್ಟಿಲ ಮೇಲೆ, ಆ ಪರದೇಶದಲ್ಲಿ, ಯಂತ್ರದ ಬಾಯಲ್ಲಿ ಆ ಮಾತು ಬಂದಾಗ ಸರಸ ಗೋಡೆ ಹಿಡಿದುಕೊಂಡಳು. "ಗೊತ್ತಿಲ್ಲ" ಎಂದಳು. "ನಾನು ಕೇಳಲಿಲ್ಲ."

"ಏಕೆ ಕೇಳಲಿಲ್ಲ?"

"ನಮ್ಮಲ್ಲಿ ಕೇಳಬಾರದು. ಕೇಳಿದರೆ ಹೋದವರು ಬರಲ್ಲ."

ಮನೆಯಾಕೆ ಫೋನು ಹೇಳಿದ್ದನ್ನು ಕೇಳಿ, ಫೋನೇ ಕೆಟ್ಟಿತೇನೋ ಎಂಬಂತೆ ಅದನ್ನು ತಿರುಗಿಸಿ ನೋಡಿದಳು. ಮತ್ತೊಮ್ಮೆ ಹೇಳಿಸಿ ಕೇಳಿದಳು. ಆಮೇಲೆ ಕುತ್ತಿಗೆಯ ಸರದಲ್ಲಿದ್ದ ಮೆಣಸಿನಕಾಯಿಯಂಥ ಕೆಂಪು ತಾಯಿತವನ್ನು ಹಿಡಿದು ಮುತ್ತಿಟ್ಟು, ಸರಸಳ ಕೈ ಹಿಡಿದು ಬೀದಿಗೆ ಎಳೆದಳು.

ಅವಳು ಗಲ್ಲಿಯ ಒಂದೊಂದು ಕಿಟಕಿಗೂ ಕೂಗಿದಳು. ಕಿಟಕಿಗಳು ತೆರೆದವು, ಹೆಂಗಸರು ಬಗ್ಗಿದರು, ತಲೆಯಾಡಿಸಿದರು. ಯಾರೋ ಕೆಳಗಡೆಗೆ ಕೈ ತೋರಿದರು. ಇಳಿಜಾರಿನ ತಿರುವಿನಲ್ಲಿ ಹಸಿರು ದೀಪದ ಔಷಧಿ ಅಂಗಡಿಯೊಂದು ಬಾಗಿಲು ತೆಗೆದಿತ್ತು. ಸೀರೆ ಉಟ್ಟ ಹೆಂಗಸು ಒಳಗೆ ಬಂದದ್ದನ್ನು ಕಂಡದ್ದೇ ಅಂಗಡಿಯವನು ಎದ್ದು ನಿಂತ. "ಸರಸೀ?" ಎಂದ. "ನೀವು ಸರಸೀನಾ?"

ಅವನಿಗೆ ಮುರುಕು ಇಂಗ್ಲಿಷ್ ಬರುತ್ತಿತ್ತು. ನಿಮ್ಮ ಸ್ನೇಹಿತೆ ಗ್ಯಾಸಿನ ಔಷಧಿ ಕೇಳಿಕೊಂಡು ಬಂದರು, ಎದೆ ಹಿಡಿದುಕೊಂಡು ಆ ಕುರ್ಚಿಯ ಮೇಲೆ ಕುಸಿದರು, ಆಂಬ್ಯುಲೆನ್ಸ್ ಕರೆಸಿ ಆಸ್ಪತ್ರೆಗೆ ಕಳಿಸಿದೆ, ಯಾರಿಗೆ ಹೇಳಲಿ ಎಂದರೆ ಆ ಹೆಸರೊಂದನ್ನೇ ಹೇಳುತ್ತಿದ್ದರು, ಎಂದ. ಬದುಕಿದ್ದಾಳಾ ಎಂದು ಸರಸ ಕೇಳಿದಳು. ಹೋಗುವಾಗ ಬದುಕಿದ್ದರು ಎಂದ.

ಆಸ್ಪತ್ರೆಗೆ ಮನೆಯಾಕೆ ಸ್ಕೂಟರ್ ತೆಗೆದಳು. ನಟರಾಜ ಹೋದಮೇಲೆ ಸರಸ ಸ್ಕೂಟರಿನ ಹಿಂದೆ ಕೂತಿದ್ದಿಲ್ಲ. ಕೂತವರ ಮುಖವನ್ನೂ ನೋಡುತ್ತಿರಲಿಲ್ಲ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕಕ್ಕೆ ಕೂತು, ಗುರುತಿಲ್ಲದ ಹೆಂಗಸಿನ ಹೊಟ್ಟೆಯನ್ನು ಎರಡೂ ಕೈಯಿಂದ ತಬ್ಬಿ ಕಣ್ಣು ಮುಚ್ಚಿದಳು. ಕಲ್ಲು ಹಾಸಿನ ಮೇಲೆ ಗಾಡಿ ಎಗರಿತು. ಎರಡೂ ಕಡೆಯಿಂದ ಹಾರನ್ನು. ಪ್ರತಿ ತಿರುವಿನಲ್ಲೂ ಒಂದು ಲಾರಿ ಬಂದು ಹೊಡೆಯಿತೆಂದೇ ಅವಳಿಗೆ ಅನ್ನಿಸಿತು.

ರೂಪಶ್ರೀ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ತಳ್ಳುವ ಮಂಚದ ಮೇಲೆ ಮಲಗಿದ್ದಳು. ಎದೆಯ ತುಂಬ ತಂತಿ. ಅಷ್ಟು ದೊಡ್ಡ ಹೆಂಗಸಿನ ಮುಖ ಹಿಡಿಯಷ್ಟಾಗಿತ್ತು. ಎದೆಯ ರಕ್ತನಾಳ ಕಟ್ಟಿಕೊಂಡಿದೆ, ಈಗಲೇ ಒಳಗೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿದ ಡಾಕ್ಟರು, ಉಳಿಯುತ್ತಾಳಾ ಎಂಬ ಪ್ರಶ್ನೆಗೆ, ಇನ್ನೂ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು ಎಂದಷ್ಟೇ ಉತ್ತರ ಕೊಟ್ಟರು.

"ಯಾವಾಗಿಂದ ನೋವೇ?" ಸರಸ ಅವಳ ಕೈ ಹಿಡಿದಳು. ಕೈ ಬೆವತು ಜಾರುತ್ತಿತ್ತು.

"ರೋಮಿಂದ."

"ರೋಮಿಂದಲಾ? ಹೇಳೋಕೇನಾಗಿತ್ತು ನಿನಗೆ? ನಾನೇನು ಸತ್ತಿದ್ನಾ?"

"ಏಳುದ್ರೆ ನೀನು ಪಂಚಾಕ್ಷರಯ್ಯನ್ ತಲೆಗೆ ಕಟ್ತಿದ್ದೆ. ನೀರು ಕುಡ್ಯಕ್ ಬುಡ್ಲಿಲ್ಲ, ಅದ್ಕೇ ಅಂತಿದ್ದೆ." ರೂಪಶ್ರೀ ಉಸಿರೆಳೆದುಕೊಂಡಳು. "ನೀ ಎದ್ರುಕತೀಯ ಅಂತ ಬಾಯ್ ಮುಚ್ಕಂಡಿದ್ದೆ ಕಣೆ. ಇವತ್ತು ತಡಿಯಕ್ ಆಗ್ಲಿಲ್ಲ. ಬಾಗ್ಲಲ್ಲಿ ನಿಂತ್ಕಂಡ್ನಲ್ಲ, ನೋಡ್ಲಿಲ್ವಾ? ಎಲ್ಲಿಗೇ ಅಂತ ಒಂದ್ ಮಾತು ಕೇಳಿದ್ರೆ ಏಳ್ಬುಡ್ತಿದ್ದೆ. ನೀನು ಕೇಳ್ಲೇ ಇಲ್ಲ."

ಬಾಗಿಲ ಚೌಕಟ್ಟು ಹಿಡಿದಿದ್ದ ಕೈ ಕಣ್ಣ ಮುಂದೆ ಬಂತು. ಕೇಳಿ ಒಬ್ಬನನ್ನು ಕಳೆದುಕೊಂಡೆ ಎಂದು ಇಷ್ಟು ವರ್ಷ ಅತ್ತಿದ್ದಳು. ಕೇಳದೆಯೂ ಕಳೆದುಕೊಳ್ಳಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಭಯಕ್ಕೂ ಮೀರಿ ತನ್ನ ಮೇಲೇ ಸಿಟ್ಟು ಬಂತು.

ಹಸಿರು ಬಟ್ಟೆಯವರಿಬ್ಬರು ಬಂದು ಮಂಚದ ಕಂಬಿ ಹಿಡಿದು ತಳ್ಳಿದರು. ಸರಸ ಜೊತೆಗೇ ಓಡಿದಳು. ಜೋಡಿ ಬಾಗಿಲ ಹತ್ತಿರ ಒಬ್ಬ ಅವಳಿಗೆ ಕೈ ಅಡ್ಡ ಹಿಡಿದ. ಸರಸ ಕಂಬಿ ಬಿಡಲಿಲ್ಲ.

"ಎಲ್ಲಿಗೇ?" ಎಂದಳು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತರಗತಿಯ ಕೊನೆಯ ಬೆಂಚಿಗೂ ಕೇಳುತ್ತಿದ್ದ ಧ್ವನಿ ಅದು. "ಎಲ್ಲಿಗೆ ಹೋಗ್ತಿದೀಯೇ ರೂಪಾ?"

ರೂಪಶ್ರೀಯ ಕಣ್ಣು ತುಂಬಿ ಬಂದವು, ತುಟಿ ಮಾತ್ರ ನಕ್ಕಿತು. "ದೂರ ಇಲ್ಲ ಕಣೆ. ಇಲ್ಲೇ."

"ಮಧ್ಯಾಹ್ನವೂ ಇಲ್ಲೇ ಅಂದೆ. ಸುಳ್ಳು ಬೇಡ. ಸರಿಯಾಗಿ ಹೇಳು, ಎಲ್ಲಿಗೆ?"

"ಒಳಿಕ್ಕೆ. ಎದೆ ರಿಪೇರಿಗೆ. ಮುಗಿಸ್ಕಂಡು ಬತ್ತೀನಿ."

"ಬಂದಮೇಲೆ?"

"ನಿನ್ ಬೆಟ್ಟುಕ್ಕೆ" ಎಂದಳು ರೂಪಶ್ರೀ. ಬಾಗಿಲುಗಳು ತೆರೆದು, ಮಂಚವನ್ನು ಒಳಗೆ ತೆಗೆದುಕೊಂಡು, ಮುಚ್ಚಿಕೊಂಡವು.

ಸರಸ ಬಾಗಿಲಿಗೆ ಕೈಯಿಟ್ಟು ನಿಂತಳು. ಕೇಳಿಬಿಟ್ಟಿದ್ದಳು. ಕೇಳಬೇಕಾಗಿತ್ತು, ಕೇಳಿದಳು. ಆದರೂ ಭಯವೇನು ಹಾಗೆ ಒಂದು ಗಳಿಗೆಯಲ್ಲಿ ಬಿಟ್ಟು ಹೋಗುತ್ತದೆಯೇ? ಅತ್ತೆ ಕಾಮಾಕ್ಷಮ್ಮನ ಆ ಮಾತು ಬೆನ್ನ ಹಿಂದೆಯೇ ನಿಂತಿತ್ತು. ಮನೆಯಾಕೆ ಎಲ್ಲಿಂದಲೋ ಕಾಗದದ ಲೋಟದಲ್ಲಿ ನೀರು ತಂದು ಮುಂದೆ ಹಿಡಿದಳು. ಸರಸ ಬೇಡವೆಂದು ಕೈ ಆಡಿಸಿದವಳು, ಲೋಟವನ್ನು ನೋಡಿ, ತಡೆದು, ತೆಗೆದುಕೊಂಡಳು.

ಎಲ್ಲಿಗೆ ಎಂದು ಕೇಳಿಸಿಕೊಂಡವರು ಒಳಗೆ ಬಂದು ಕೂತು ನೀರು ಕುಡಿಯಬೇಕು. ರೂಪಶ್ರೀಗೆ ಎದ್ದು ಕೂರುವ ಹಾಗಿರಲಿಲ್ಲ, ಒಂದು ತೊಟ್ಟು ನೀರು ನುಂಗುವ ಹಾಗೂ ಇರಲಿಲ್ಲ. ಸರಸ ಗೋಡೆ ಪಕ್ಕದ ಕುರ್ಚಿಯ ಹತ್ತಿರ ಶೂ ಬಿಚ್ಚಿಟ್ಟಳು. ಅವಳ ಬದಲಿಗೆ ಕೂತಳು. ಅವಳ ಬದಲಿಗೆ, ಒಂದು ತೊಟ್ಟೂ ಬಿಡದೆ, ಲೋಟದ ನೀರನ್ನೆಲ್ಲ ಕುಡಿದಳು.