ಪೋಗೊನಿಪ್ಪಿನಲ್ಲಿ ಏಳನೆಯ ಮೊಲ

ನಾನು ವಿಲ್ಡಾಳ ಪಿಕಪ್ ಓಡಿಸಲು ಸೇರಿ ಆ ಜನವರಿಗೆ ಎಂಟು ವರ್ಷವಾಗಿತ್ತು. ವಿಲ್ಡಾ ಮಣ್ಣಿನ ವಿಜ್ಞಾನಿ. ಅರವತ್ತು ದಾಟಿದ್ದಳು, ಮೊಣಕಾಲು ನೋವು ಬೇರೆ; ಬೈಗುಳದಲ್ಲಿ ಮಾತ್ರ ಸ್ಪೇನಿನ ಕಡೆಯಿಂದ ಬಂದು ನೆಲೆಸಿದ ನಮ್ಮ ಬಾಸ್ಕ್ ಕುರಿಗಾಹಿಗಳನ್ನೂ ಮೀರಿಸುತ್ತಿದ್ದಳು. ಉತ್ತರ ನೆವಾಡಾದ ನಮ್ಮ ಕಣಿವೆಯಲ್ಲಿ ಯಾವ ಮಣ್ಣಿಗೆ ಯಾವ ಸೇಜ್ ಪೊದೆ ಒಗ್ಗುತ್ತದೆ, ಅದರ ಬುಡದಲ್ಲಿ ಬಿಲ ತೋಡುವ ಕುಬ್ಜ ಮೊಲಗಳು ಎಲ್ಲಿ ಉಳಿದಿವೆ ಎಂದು ಹುಡುಕುವುದು ಅವಳ ಕೆಲಸ. ಹನ್ನೊಂದು ಮೊಲಗಳ ಕೊರಳಿಗೆ ಪುಟ್ಟ ರೇಡಿಯೋ ಕಟ್ಟಿದ್ದಳು. ನಾನು ಆಂಟೆನಾ ಹಿಡಿದು ತಿರುಗಿಸಬೇಕು, ಅವಳು ರೇಡಿಯೋ ಡಬ್ಬಿಯ ಟಿಕ್ ಟಿಕ್ ಸದ್ದಿಗೆ ಕಿವಿಗೊಡಬೇಕು. ನಡುನಡುವೆ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಳ್ಳುವಳು.

"ಬೆಳಿಗ್ಗೆ ತಿಂಡಿ ಸಾಲ್ಲಿಲ್ವಾ ಮುದುಕಿ?" ಎಂದು ನಾನು ರೇಗಿಸುವುದು.

"ನಿನ್ನ ಹೆಂಡ್ತಿ ಮಾಡೋ ಬೀನ್ಸ್ ಸಾರಿಗಿಂತ ಇದೇ ರುಚಿ ಕಣೋ ಪೆಯೋ" ಎಂದು ಅವಳು ನನ್ನ ಹೆಸರು ಹಿಡಿದು ತಿರುಗಿಸಿ ಕೊಡುವುದು.

ಆವತ್ತು ಉಪ್ಪುಬಯಲಿನ ಅಂಚಿನ ರಸ್ತೆಯಲ್ಲಿ ಪಿಕಪ್ ನಿಲ್ಲಿಸಿ ಪಡುವಣಕ್ಕೆ ನಡೆದಿದ್ದೆವು. ಮೂರು ಮೊಲಗಳ ಸದ್ದು ಸಿಕ್ಕಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಪೋಗೊನಿಪ್ ಇಳಿಯಿತು. ಅಲ್ಲಿಯ ಮೂಲನಿವಾಸಿಗಳಾದ ಶೋಶೋನಿಗಳು ಆ ಮಂಜಿಗೆ ಇಟ್ಟ ಹೆಸರು ಅದು. ಗಾಳಿಯೇ ಹರಳುಗಟ್ಟಿ ಎಲೆ, ಕಡ್ಡಿ, ರೆಪ್ಪೆಗಳ ಮೇಲೆ ಬಿಳಿ ಮುಳ್ಳಾಗಿ ಬೆಳೆಯುತ್ತದೆ. ಕ್ಷಣದಲ್ಲಿ ಬೆಟ್ಟವಿರಲಿಲ್ಲ, ಆಕಾಶವಿರಲಿಲ್ಲ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಬಂದ ಹೆಜ್ಜೆಯ ಗುರುತೂ ಇರಲಿಲ್ಲ.

"ದಿಕ್ಸೂಚಿ ಕೊಡು" ಎಂದಳು ವಿಲ್ಡಾ.

ನಾನು ಜೇಬು ತಡಕಿದೆ. ಅದು ಪಿಕಪ್ಪಿನ ಸೀಟಿನ ಮೇಲಿತ್ತು.

ಅವಳು ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. "ನೇರ ಹೋದ್ರೆ ರಸ್ತೆ ಸಿಕ್ಕೇ ಸಿಗತ್ತೆ" ಎಂದು ಜಂಬದಿಂದ ಮುಂದೆ ನಡೆದೆ. ಅರ್ಧ ಗಂಟೆಯಾದ ಮೇಲೆ ನಾನೇ ತುಳಿದು ಮುರಿದಿದ್ದ ಪೊದೆ ಮತ್ತೆ ಕಾಲಿಗೆ ತೊಡರಿತು.

"ಸಾಕು, ಸುಮ್ನೆ ನಿಂತ್ಕೋ." ವಿಲ್ಡಾ ಕುಕ್ಕರಗಾಲಲ್ಲಿ ಕೂತು ಚಾಕುವಿನಿಂದ ನೆಲ ಕೆದಕಿದಳು. "ನೋಡು, ಬರೀ ಕಲ್ಲು. ಪೊದೆ ಮೊಣಕಾಲಿಗೂ ಬರಲ್ಲ. ದಿಣ್ಣೆ ಮೇಲಿದೀವಿ. ಮೊಲಕ್ಕೆ ಬಿಲ ತೋಡೋಕೆ ಆಳದ ಮೆತ್ತನೆ ಮಣ್ಣು ಬೇಕು. ಅದಿರೋದು ಹಳೇ ತೊರೆ ಜಾಡಲ್ಲಿ. ತೊರೆ ಇಳಿಯೋದು ಎಲ್ಲಿಗೆ?"

"ಉಪ್ಪುಬಯಲಿಗೆ."

"ಹಾಂ, ರಸ್ತೆ ಹತ್ರಕ್ಕೆ. ಆಂಟೆನಾ ಎತ್ತೋ ಜಾಣ."

ಏಳನೆಯ ರೇಡಿಯೋ ಕಟ್ಟಿದ್ದ ಮೊಲದ ಸದ್ದು ಸಿಕ್ಕಿತು, ತೀರ ಸಣ್ಣದಾಗಿ. ಅದು ಜೋರಾದ ಕಡೆಗೆ ಹೆಜ್ಜೆ ಹಾಕಿದೆವು. ಎಷ್ಟು ಹೊತ್ತು ನಡೆದೆವೋ ತಿಳಿಯದು. ಬಿಳಿಯ ಪೊದೆಗಳು ಎರಡೂ ಬದಿಗೆ ಮಲಗಿದ ಕುರಿಗಳಾದವು. ನಾನು ಮಂದೆಯ ನಡುವೆ, ಯಾವ ಕುರಿಯನ್ನೂ ಎಬ್ಬಿಸದೆ ಹೋಗುತ್ತಿರುವಂತೆ. ಕುರಿ ಕಾಯುತ್ತಿದ್ದ, ತೀರಿಹೋದ ಅಪ್ಪ ಹಿಂದಿನಿಂದ ಶಿಳ್ಳೆ ಹಾಕಿದ ಹಾಗಾಯಿತು. ತಿರುಗಿ ನೋಡಲಿಲ್ಲ. ಹೆದರಿಕೆ ಎಲ್ಲೋ ಕರಗಿತ್ತು, ನಿದ್ದೆಯಲ್ಲಿ ನೀರಿನ ಮೇಲೆ ತೇಲಿದಂತಿತ್ತು.

ಪೊದೆಗಳು ಎತ್ತರವಾದವು. ಸೊಂಟ, ಎದೆ, ಆಮೇಲೆ ತಲೆಗಿಂತ ಮೇಲೆ. ಕಾಲಡಿ ಕಲ್ಲು ತಗಲದಾಯಿತು. ವಿಲ್ಡಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

ಒಂದು ಮಾರು ದೂರದಲ್ಲಿ ಬಿಲದ ಬಾಯಲ್ಲಿ ಅದು ಕೂತಿತ್ತು. ಬೊಗಸೆಯಲ್ಲಿ ಹಿಡಿಯಬಹುದಾದಷ್ಟು. ಮೀಸೆಯ ಮೇಲೆ ಮಂಜಿನ ಹರಳು. ಒಂದೊಂದೇ ಸೇಜ್ ಎಲೆ ಕಚ್ಚಿ, ಕಣ್ಣು ಅರೆಮುಚ್ಚಿ ಅಗಿಯುತ್ತಿತ್ತು. ಪ್ರತಿ ಉಸಿರೂ ಎಳೆಯಷ್ಟು ಹೊಗೆ. ರೇಡಿಯೋ ಡಬ್ಬಿಯ ಸದ್ದನ್ನು ವಿಲ್ಡಾ ಆರಿಸಿದಳು. ಆ ಮೌನದಲ್ಲಿ ಎಲೆ ಅಗಿಯುವ ಸದ್ದು ನಿಜವಾಗಿಯೂ ಕೇಳಿಸಿತು. ನಾವು ದಾರಿ ತಪ್ಪಿದವರು ಎಂಬುದೇ ಮರೆತುಹೋಯಿತು.

"ಮೂವತ್ತು ವರ್ಷ ಆಯ್ತು. ಬೋನಲ್ಲಿ ನಡುಗೋದು ಬಿಟ್ರೆ, ಇಷ್ಟು ಹತ್ರ ಒಂದ್ಸಲಾನೂ ನೋಡಿರಲಿಲ್ಲ" ಎಂದು ಅವಳು ಪಿಸುಗುಟ್ಟಿದಳು. ಕೆನ್ನೆ ಒದ್ದೆಯಾಗಿತ್ತು. ನಾನು ನೋಡದವನಂತೆ ನಿಂತೆ.

ಮೊಲ ಒಳಗೆ ಹೋದ ಮೇಲೆ ಹಳೆಯ ತೊರೆಯ ಜಾಡು ಹಿಡಿದು ಇಳಿದೆವು. ನೂರು ಹೆಜ್ಜೆಗೊಮ್ಮೆ ಅವಳು ನೆಲ ಕೆದಕಿ ನಾಲಿಗೆಗೆ ಹಚ್ಚಿದಳು. "ಸಪ್ಪೆ." ಇನ್ನೂ ನೂರು. "ಸಪ್ಪೆ." ಆಮೇಲೆ ಒಮ್ಮೆ ನಕ್ಕು ನನ್ನ ಬಾಯಿಗೂ ಚಿಟಿಕೆ ಹಾಕಿದಳು. ಉಪ್ಪು! ಸೇಜ್ ತೆಳುವಾಗಿ, ಉಪ್ಪುನೆಲದ ಮುಳ್ಳುಪೊದೆಗಳು ಪ್ಯಾಂಟಿಗೆ ಸಿಕ್ಕಿಕೊಳ್ಳತೊಡಗಿದವು. ಬೂಟಿನಡಿ ಜಲ್ಲಿ ಕರಕರ ಎಂದಾಗ ಇಬ್ಬರೂ ರಸ್ತೆಯ ನಡುವೆ ಕೂತುಬಿಟ್ಟೆವು.

ಪಿಕಪ್ ತೆಂಕಣಕ್ಕೆ ಅರ್ಧ ಮೈಲಿ ದೂರದಲ್ಲಿತ್ತು. ಹೀಟರ್ ಹಾಕಿದಾಗ ಬೆರಳುಗಳು ಉರಿದವು. ಊರು ಮುಟ್ಟುವವರೆಗೆ ಮೆಲ್ಲಗೆ ಓಡಿಸಿದೆ. ಜೋರಾಗಿ ಹೋದರೆ ಕನಸಿನಿಂದ ಎಚ್ಚರವಾಗಿಬಿಡುತ್ತದೆ ಅನ್ನಿಸಿತ್ತು.

ನಾನು ಹುಟ್ಟಿದ್ದು ಆ ಕಣಿವೆಯಲ್ಲೇ. ಆದರೂ ಅದರ ಮೇಲೆ ಓಡಾಡಿದ್ದೆನೇ ಹೊರತು ಒಳಗೆ ಇಣುಕಿರಲಿಲ್ಲ. ಏಪ್ರಿಲ್‌ನಲ್ಲಿ ನೆಲ ಸಡಿಲವಾದಾಗ ಒಬ್ಬನೇ ಗುದ್ದಲಿ ಹಿಡಿದು ಆ ತೊರೆಯ ಜಾಡಿಗೆ ಹೋದೆ. ಮೊಲದ ಬಿಲಗಳಿಂದ ದೂರ ಸರಿದು ಸೊಂಟದಾಳದ ಗುಂಡಿ ತೋಡಿದೆ. ಮೇಲೆ ಕಂದು, ನಡುವೆ ಕೆಂಪು, ಕೆಳಗೆ ಸುಣ್ಣದ ಬಿಳಿ ಗೆರೆ. ಮಧ್ಯಾಹ್ನದವರೆಗೆ ಅದರೊಳಗೆ ಕೂತಿದ್ದೆ. ಬೇರುಗಳ ವಾಸನೆ ಬರುತ್ತಿತ್ತು. ಆಮೇಲೆ ಮೇಲೆದ್ದು, ಮೊದಲಿದ್ದ ಹಾಗೆಯೇ ಬಿಳಿ ಮಣ್ಣು ತಳಕ್ಕೆ, ಕೆಂಪು ಅದರ ಮೇಲೆ, ಕಂದು ಎಲ್ಲಕ್ಕಿಂತ ಮೇಲೆ ಬರುವಂತೆ, ಒಂದೊಂದೇ ಗುದ್ದಲಿಯಾಗಿ ಮುಚ್ಚಿದೆ.