ಮಗ್ಗದ ಸದ್ದಿನಲ್ಲಿ ಹಾಡಿದ ಹಾಡು

ದೊಡ್ಡಬಳ್ಳಾಪುರದಲ್ಲಿ ಘಾಟಿ ರಸ್ತೆಯ ಧರ್ಮಾಸ್ಪತ್ರೆ ಎಂದರೆ ಹೆರಿಗೆಗೆ, ಜ್ವರಕ್ಕೆ, ನಾಯಿ ಕಚ್ಚಿದ್ದಕ್ಕೆ ಎಂದು ಜನ ತೀರ್ಮಾನ ಮಾಡಿಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿನ ಬಸ್ಸು ಹತ್ತುವುದೇ. ಈ ವರ್ಷ ಅದರ ಹಿಂದುಗಡೆ ಹೊಸ ಕಟ್ಟಡ ಎದ್ದಿತು. ಡಯಾಲಿಸಿಸ್ ಬಂತು, ಫಿಸಿಯೋಥೆರಪಿ ಬಂತು, ಯೋಗಕ್ಕೆ ಬೇರೆ ಕೋಣೆ, ಏನು ತಿನ್ನಬೇಕು ಏನು ತಿನ್ನಬಾರದು ಎಂದು ಹೇಳುವುದಕ್ಕೆ ಒಬ್ಬ ಮೇಡಮ್ಮು. ಸಕ್ಕರೆ ಕಾಯಿಲೆ ವಿಭಾಗದ ಉದ್ಘಾಟನೆಗೆ ಬಂದವರಿಗೆಲ್ಲ ಮೈಸೂರು ಪಾಕು ಹಂಚಿದರು. ನಮ್ಮ ಜನ ಎರಡೆರಡು ಸಲ ಸಾಲಿನಲ್ಲಿ ನಿಂತರು. ರುಕ್ಮಿಣಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ಎರಡನೇ ಮಹಡಿಯಲ್ಲಿ ಕಿವಿಯ ವಿಭಾಗ ಶುರುವಾಗಿದೆ, ಮಗ್ಗದಲ್ಲಿ ದುಡಿದವರು ಬಂದು ತೋರಿಸಿಕೊಳ್ಳಿ ಎಂದು ಗೇಟಿನಲ್ಲಿ ಬೋರ್ಡು ಹಾಕಿದ್ದರು. ಆ ಬೋರ್ಡು ಕಂಡಾಗಿನಿಂದ ಅವಳಿಗೆ ಮನೆಯಲ್ಲಿ ನಿಂತ ಕಡೆ ನಿಲ್ಲುವುದಕ್ಕಾಗಲಿಲ್ಲ.

ಅವಳ ಆಸೆ ಒಂದೇ. ಗಂಡ ವೆಂಕಟರಾಮಪ್ಪನ ಹಾಡು ಕೇಳಬೇಕು.

ಮದುವೆಯಾದ ಹೊಸತರಲ್ಲಿ ಇಬ್ಬರೂ ಮಾವನ ಶೆಡ್ಡಿನಲ್ಲಿ ಎದುರುಬದುರು ಮಗ್ಗಗಳಲ್ಲಿ ನೇಯುತ್ತಿದ್ದರು. ಪವರ್‌ಲೂಮುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವ ಕಡೆ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಮುಟ್ಟುವುದಿಲ್ಲ. ಹಾಗಾಗಿ ಮಗ್ಗದವರ ಮಾತೆಲ್ಲ ಕೈಯಲ್ಲಿ, ತುಟಿಯಲ್ಲಿ. ಮೀಸೆ ತಿರುವಿದರೆ ಯಜಮಾನರು ಬಂದರು ಎಂದರ್ಥ; ಎರಡು ಬೆರಳು ಅಗಲಿಸಿದರೆ ಎಳೆ ಕಡಿಯಿತು. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳಬೇಕು. ಅತ್ತೆ ಬೆನ್ನು ತಿರುಗಿಸಿ ಕೂತಿದ್ದರೆ ಸಾಕು, ಅವರ ಮೇಲಿನ ದೂರನ್ನೆಲ್ಲ ಅಲ್ಲೇ ಹೇಳಿ ಮುಗಿಸಬಹುದಿತ್ತು.

ಆ ತುಟಿಭಾಷೆಯಲ್ಲೇ ವೆಂಕಟರಾಮಪ್ಪ ಹಾಡುತ್ತಿದ್ದ. ಯಾರದೋ ಹಾಡಲ್ಲ, ಅವನೇ ಕಟ್ಟಿದ್ದು. 'ಆಚೆ ಮಗ್ಗದ ಚೆಲುವೆ, ಎಳೆ ಕಡಿದೈತೆ ನೋಡೆ, ಸೇರಿಸೋಕೆ ಬಾರೆ.' ತಲೆಯನ್ನು ಒಂದಿಷ್ಟು ಓರೆ ಮಾಡಿ, ಕಣ್ಣು ಅರೆ ಮುಚ್ಚಿ ಹಾಡುತ್ತಿದ್ದ. ಒಂದೊಂದು ಪದವನ್ನೂ ಅವಳು ತುಟಿಯಿಂದ ಎತ್ತಿಕೊಂಡಿದ್ದಳು, ದನಿ ಮಾತ್ರ ಲಾಳಿಯ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹಾಡಿನ ಮಧ್ಯೆ ಕರೆಂಟು ಹೋಗಲಪ್ಪಾ ಎಂದು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕೂಡ ಹೊತ್ತಿದ್ದಳು. ಕರೆಂಟು ಹೋದರೆ ಮಗ್ಗಗಳೆಲ್ಲ ಒಂದೇ ಏಟಿಗೆ ನಿಲ್ಲುತ್ತವೆ, ಬಾಯಲ್ಲಿದ್ದ ಮಾತು ಇಡೀ ಶೆಡ್ಡಿಗೆ ಕೇಳುತ್ತದೆ. ಕರೆಂಟೂ ಹೋಗುತ್ತಿತ್ತು, ಅದಕ್ಕೇನೂ ಆಗ ಬರವಿರಲಿಲ್ಲ. ಆದರೆ ಅವಳು ಕಿವಿಗೊಡುವಷ್ಟರಲ್ಲಿ ಅವನ ತುಟಿ ಮುಚ್ಚಿರುತ್ತಿತ್ತು. ಎಷ್ಟು ಚುರುಕಪ್ಪಾ ಈ ಮನುಷ್ಯ ಎಂದುಕೊಳ್ಳುತ್ತಿದ್ದಳು.

ಮನೆಯಲ್ಲಿ ಹಾಡಿ ಎಂದು ಕೇಳೋಣವೆಂದರೆ ಎರಡು ಕೋಣೆಯ ಮನೆ ತುಂಬ ಜನ. ನಾಚಿಕೆ. ಮಕ್ಕಳು ದೊಡ್ಡವರಾಗಿ, ಅವರವರ ಸಂಸಾರ ಹೂಡಿ, ಕೇಳುವ ಧೈರ್ಯ ಬರುವ ಹೊತ್ತಿಗೆ ಅವಳ ಕಿವಿಯನ್ನು ಮಗ್ಗ ತಿಂದುಹಾಕಿತ್ತು. ಅವನು ಸೊಂಟನೋವೆಂದು ಬೇಗನೆ ಮಗ್ಗ ಬಿಟ್ಟು ಬೆಂಗಳೂರಿನ ಚಿಕ್ಕಪೇಟೆ ಅಂಗಡಿಗಳಿಗೆ ಸೀರೆ ತಲುಪಿಸುವ ಕೆಲಸ ಹಿಡಿದವನು, ಅವನ ಕಿವಿ ಉಳಿಯಿತು. ಗಂಡನ ಮಾತನ್ನು ಅವಳು ಈಗಲೂ ತುಟಿ ನೋಡಿಯೇ ತಿಳಿಯುತ್ತಿದ್ದಳು. ಮಾತಿಗೆ ಅದು ಸಾಕಾಗುತ್ತಿತ್ತು. ಹಾಡಿಗೆ ಸಾಲುತ್ತಿರಲಿಲ್ಲ.

ಕಿವಿಯ ವಿಭಾಗದ ಹುಡುಗಿ ಯಶಸ್ವಿನಿ, ದೇವನಹಳ್ಳಿ ಕಡೆಯವಳು. ಮೊದಲ ಸಲ ಹೋದಾಗ ರುಕ್ಮಿಣಮ್ಮನನ್ನು ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದಳು. ಎರಡನೇ ಸಲ ಗಂಡನ ಜೊತೆ ಹೋದಾಗ, ಹುಣಸೆಬೀಜದಷ್ಟು ಮೆಷಿನ್ನನ್ನು ಕಿವಿಯ ಹಿಂದೆ ಕೂರಿಸಿ ಏನೋ ಒತ್ತಿದಳು.

ಮೊದಲು ಕೇಳಿಸಿದ್ದು ಫ್ಯಾನು. ಆಮೇಲೆ ತನ್ನದೇ ಬಳೆ. ಹೊರಗೆ ಯಾರೋ ಎಳೆಯುತ್ತಾ ಹೋದ ಚಪ್ಪಲಿ. ರುಕ್ಮಿಣಮ್ಮ ಕೈ ಅಲ್ಲಾಡಿಸಿ, ಮತ್ತೆ ಅಲ್ಲಾಡಿಸಿ, ಬಳೆಯನ್ನೇ ನೋಡುತ್ತಾ ಕೂತಳು.

"ಕೇಳ್ತೈತೇನೇ?" ಎಂದು ವೆಂಕಟರಾಮಪ್ಪ ಅಭ್ಯಾಸಬಲದಿಂದ ಕಿರುಚಿದ. ರುಕ್ಮಿಣಮ್ಮ ಬೆಚ್ಚಿಬಿದ್ದಳು. ಆಚೆ ಕಾಯುತ್ತಿದ್ದವರೂ ಇಣುಕಿದರು.

"ಮೆತ್ತಗೆ ಮಾತಾಡಿ ಅಂಕಲ್, ಅಮ್ಮಂಗೆ ಇವಾಗ ಕೇಳಿಸುತ್ತೆ," ಎಂದಳು ಯಶಸ್ವಿನಿ ನಗುತ್ತಾ. "ಸ್ವಲ್ಪ ದಿನ ಎಲ್ಲಾ ತಗಡು ಬಡಿದಂಗೆ ಅನ್ಸುತ್ತೆ ಅಮ್ಮಾ. ಹೋಗ್ತಾ ಹೋಗ್ತಾ ಸರಿ ಹೋಗುತ್ತೆ."

ಕಟ್ಟಡದ ಹಿಂದೆ ರೋಗಿಗಳು ಓಡಾಡಲೆಂದು ಹೊಸ ಕಾಲುದಾರಿ ಹಾಕಿದ್ದರು. ಅಲ್ಲಿ, ಕಡಿಯದೆ ಉಳಿಸಿಕೊಂಡಿದ್ದ ಒಂದೇ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ರುಕ್ಮಿಣಮ್ಮ ಕೂತುಬಿಟ್ಟಳು.

"ರೀ, ಹಾಡ್ರೀ."

"ಏನು?"

"ಆಚೆ ಮಗ್ಗದ ಚೆಲುವೆ."

ವೆಂಕಟರಾಮಪ್ಪನ ಮುಖ ಇಳಿಯಿತು. ಟೀ ಕುಡಿಯೋಣ ಎಂದ, ಬಸ್ಸು ತಪ್ಪುತ್ತದೆ ಎಂದ, ಯೋಗದವರು ನೋಡುತ್ತಿದ್ದಾರೆ ಎಂದ. ಅವಳು ಅಲುಗಲಿಲ್ಲ.

"ನಾನು ಈ ಮೆಷಿನ್ ಹಾಕ್ಕೊಂಡಿದ್ದು ಫ್ಯಾನ್ ಸದ್ದು ಕೇಳೋಕಲ್ಲ," ಎಂದಳು. ಕಣ್ಣು ತುಂಬಿತ್ತು.

ಅವನು ಪಕ್ಕದಲ್ಲಿ ಬಂದು ಕೂತ.

"ಕರೆಂಟು ಹೋಗ್ಬಿಟ್ರೆ ಅನ್ನೋ ಭಯ ಕಣೆ ರುಕ್ಕಿ. ಅಪ್ಪ ಅಲ್ಲೇ ಇರೋನು, ಅವ್ವ ಅಲ್ಲೇ ಇರೋಳು. ನಾನು ದನಿ ಬಿಡ್ಲೇ ಇಲ್ಲ. ಬರೀ ತುಟಿ ಅಲ್ಲಾಡಿಸ್ತಿದ್ದೆ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ. ನಂಗೆ ಹಾಡೋಕೆ ಬರಲ್ಲ ಕಣೆ. ಅದಕ್ಕೆ ರಾಗ ಅಂತ ಇರ್ಲೇ ಇಲ್ಲ."

ರುಕ್ಮಿಣಮ್ಮ ಹರಕೆ ಹೊತ್ತದ್ದು, ಕರೆಂಟು ಹೋದಾಗೆಲ್ಲ ಉಸಿರು ಬಿಗಿ ಹಿಡಿದದ್ದು, ಕಿವಿ ಮಂದವಾಗುತ್ತಾ ಬಂದಾಗ ಬೇರೆಲ್ಲ ಹೋಗಲಿ ಅದೊಂದು ಕೇಳಿಬಿಡಬೇಕಿತ್ತು ಎಂದು ಅತ್ತದ್ದು, ಎಲ್ಲ ಇಲ್ಲದ ಹಾಡಿಗಾಗಿ. ಈ ಮನುಷ್ಯನ ಮೇಲೆ ಸಿಟ್ಟು ಬಂತು. ಮೆಷಿನ್ನು ಕಿತ್ತು ಅವನ ಕೈಗೆ ಕೊಟ್ಟುಬಿಡೋಣ ಎನಿಸಿ ಕೈ ಕಿವಿಯ ತನಕ ಹೋಯಿತು.

ಹೋದ ಕೈ ಅಲ್ಲೇ ನಿಂತಿತು. ರಾಗ ಇರಲಿಲ್ಲವೆಂದರೆ, ಇಷ್ಟು ವರ್ಷ ಒಲೆ ಮುಂದೆ, ಬಟ್ಟೆ ಒಗೆಯುವಾಗ, ನಿದ್ದೆ ಬಾರದಾಗ ತನ್ನೊಳಗೆ ಓಡುತ್ತಿದ್ದದ್ದು ಏನು?

"ಇತ್ತು," ಎಂದಳು.

"ಏನಿತ್ತು?"

"ರಾಗ. ಇತ್ತು ರೀ. ನಂಗೊತ್ತು."

ವೆಂಕಟರಾಮಪ್ಪ ಹೆಂಡತಿಯ ಕಡೆ ತಿರುಗಿದ. "ಹೆಂಗಿತ್ತು?" ಎಂದು ಕೇಳಿದ, ಈ ಸಲ ಮೆತ್ತಗೆ.

ರುಕ್ಮಿಣಮ್ಮ ಗುನುಗತೊಡಗಿದಳು. ಎಷ್ಟೋ ಕಾಲದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಒಡಕು, ಮುದಿ ದನಿ, ಮೆಷಿನ್ನಿನಲ್ಲಿ ತಗಡಿನಂತೆ. ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ಎಲ್ಲಿ ಏರಬೇಕು, 'ಸೇರಿಸೋಕೆ ಬಾರೆ' ಎನ್ನುವಲ್ಲಿ ಹೇಗೆ ಇಳಿಯಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಯೋಗದ ಕೋಣೆಯ ಕಿಟಕಿಯಲ್ಲಿ ಯಾರೋ ನಿಂತರು, ನಿಂತುಕೊಳ್ಳಲಿ.

ವೆಂಕಟರಾಮಪ್ಪ ತಲೆಯನ್ನು ಒಂದಿಷ್ಟು ಓರೆ ಮಾಡಿದ. ಕಣ್ಣು ಅರೆ ಮುಚ್ಚಿದ. ತುಟಿ ಅಲ್ಲಾಡತೊಡಗಿತು, ಆಚೆ ಮಗ್ಗದ ಚೆಲುವೆ, ಎಳೆ ಕಡಿದೈತೆ ನೋಡೆ. ಈ ಸಲವೂ ಅವನು ದನಿ ಬಿಡಲಿಲ್ಲ, ಅವಳ ರಾಗ ಕೆಟ್ಟೀತೆಂದು.