ಏಳು ಪಾತಿಯ ಕುದುರೆಬಾಲ

"ಏಳೂ ಒಂದೇ ಅಂತೀಯಾ? ನನ್ನ ಏಳು ಜಾತೀನೂ?" ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವರ ವಿದ್ಯಾರ್ಥಿನಿಯ ಕೈಯೆಲ್ಲ ಮಣ್ಣು. ತೊಳೆದುಕೊಂಡು ಬರುವಷ್ಟೂ ತಾಳ್ಮೆ ಇರಲಿಲ್ಲ ಅವಳಿಗೆ. ಸಂಸ್ಥೆಯ ಹಿತ್ತಲಿನ ಏಳು ಪಾತಿಗಳಲ್ಲಿ ಇದ್ದದ್ದು ಮೇಡಂ ಚಿಕ್ಕ ವಯಸ್ಸಿನಲ್ಲಿ ಏಳು ತೊರೆಗಳ ದಂಡೆಯಿಂದ ತಂದು ನೆಟ್ಟ ಕುದುರೆಬಾಲ ಎಂಬ, ಗೆಣ್ಣು ಗೆಣ್ಣಿನ ಹಸಿರು ಕಡ್ಡಿಯಂಥ ಗಿಡಗಳು. ಗಿಡದ ಹಸಿರು ಕಣಗಳಲ್ಲಿರುವ ಕ್ಲೋರೋಪ್ಲಾಸ್ಟ್ ಡಿಎನ್‌ಎ ಹೋಲಿಸಿ, ಯಾವುದು ಯಾವುದಕ್ಕೆ ಅಕ್ಕ, ಯಾವುದು ದೂರದ ನೆಂಟ ಎಂದು ಹೇಳುವುದೇ ಇವಳ ಪಿಎಚ್‌ಡಿ. ಎಷ್ಟು ಸಲ ಮಾಡಿದರೂ ಯಂತ್ರ ಏಳಕ್ಕೂ ಒಂದೇ ಉತ್ತರ ಕೊಡುತ್ತಿತ್ತು. ತಲೆ ಕೆಟ್ಟು ಈ ದಿನ ಪಾತಿಯನ್ನೇ ಅಗೆದಳು. ಇಟ್ಟಿಗೆ ಸಾಲಿನ ಅಡಿಯಿಂದ ಒಂದೇ ಗಿಡದ ಕಪ್ಪು ಕಾಂಡ ಪಾತಿಯಿಂದ ಪಾತಿಗೆ ನುಸುಳಿ, ಉಳಿದ ಆರನ್ನೂ ಯಾವಾಗಲೋ ನುಂಗಿ ನೀರು ಕುಡಿದಿತ್ತು. ಬಿಸಿಲಲ್ಲಿ ಗಿಡ್ಡಗೆ, ನೆರಳಲ್ಲಿ ಉದ್ದಕ್ಕೆ ಬೆಳೆದು ಎಲ್ಲರ ಕಣ್ಣಿಗೂ ಮಣ್ಣೆರಚಿತ್ತು.

"ಯಂತ್ರದ್ದೂ ತಪ್ಪಲ್ಲ ಮೇಡಂ, ನನ್ನದೂ ಅಲ್ಲ!" ಅವಳಿಗೆ ನಗು ತಡೆಯಲಾಗಲಿಲ್ಲ. ಎದುರಿಗಿರುವವರ ಹೆಸರು, ಪ್ರಶಸ್ತಿ, ಪುಸ್ತಕ ಎಲ್ಲ ಆ ಏಳು ಪಾತಿಗಳ ಮೇಲೇ ನಿಂತಿವೆ ಎಂಬುದು ಆ ಸಂಭ್ರಮದಲ್ಲಿ ಹೊಳೆಯಲೇ ಇಲ್ಲ, ಪಾಪ.

ಮೇಡಂ ಎದ್ದು ಬಾಗಿಲು ಮುಚ್ಚಿದರು. ದನಿ ಬೆಣ್ಣೆಯಂತಾಯಿತು. "ಕೂತ್ಕೋ. ಇಲ್ಲದಿರೋ ಗಿಡಗಳ ಮೇಲೆ ಡಿಗ್ರಿ ಯಾರು ಕೊಡ್ತಾರೆ ಹೇಳು? ನಾಳೆ ಪಿಎಚ್‌ಡಿ ಸಮಿತಿ ಮುಂದೆ, ಕೈತಪ್ಪಿ ಒಂದು ಗಿಡದ ರಸ ಏಳು ಟ್ಯೂಬಿಗೂ ಸೇರಿಹೋಯ್ತು ಅಂದ್ಬಿಡು. ಇನ್ನೊಂದು ವರ್ಷ ನಾನು ಕೊಡಿಸ್ತೀನಿ. ಹೊಸ ಗಿಡ ತಂದು ಮಾಡುವಿಯಂತೆ."

"ಆದ್ರೆ ನನ್ನ ಕೈ ತಪ್ಪಿಲ್ವಲ್ಲ ಮೇಡಂ."

"ನನಗೆ ಗೊತ್ತಿಲ್ವೇನೇ? ಅಲ್ಲಿ ನಾನಿರಲ್ವಾ?"

ಮನೆಯಲ್ಲಿ ಅಮ್ಮ ಈಗಾಗಲೇ ಪಕ್ಕದ ಮನೆಯವರ ಮುಂದೆ ಮಗಳನ್ನು ಡಾಕ್ಟರು ಎಂದೇ ಕರೆಯುತ್ತಿದ್ದಳು. ಆ ಮುಖ ನೆನಪಾಗಿ ಇವಳು ತಲೆಯಾಡಿಸಿದಳು.

ಮರುದಿನ ಸಮಿತಿಯ ಮುಂದೆ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಒಪ್ಪಿಸಿದಳು. ಅಧ್ಯಕ್ಷರು ಮೇಡಂ ಕಡೆ ತಿರುಗಿದರು. "ಇನ್ನೊಂದು ವರ್ಷ ಕೊಡೋಣ್ವಾ? ನೀವೇನಂತೀರಿ?"

ಮೇಡಂ ನಿಟ್ಟುಸಿರು ಬಿಟ್ಟರು. "ನಾನೇನು ಹೇಳ್ಲಿ ಸರ್. ಹುಡುಗಿ ಒಳ್ಳೆಯವಳೇ. ಆದ್ರೆ ಆರು ವರ್ಷ ಆದ್ಮೇಲೂ ಒಂದು ಟ್ಯೂಬು ಸರಿಯಾಗಿ ಹಿಡಿಯೋಕೆ ಬರಲ್ಲ ಅಂದ್ರೆ ಹೇಗೆ? ನಾನು ಹೇಳಿದ್ದಲ್ಲ, ತಾನೇ ಒಪ್ಕೊಂಡಿದ್ದಾಳಲ್ಲ."

ಅವಳು ಬಾಯಿ ತೆರೆದಳು. ನಿಜವನ್ನು ಈಗಷ್ಟೇ ತನ್ನ ಬಾಯಿಂದಲೇ ಸುಳ್ಳು ಮಾಡಿಕೊಂಡಾಗಿತ್ತು. ಇನ್ನು ಏನು ಹೇಳಿದರೂ ಕುಂಟುನೆಪ. ಅಧ್ಯಕ್ಷರು ಪಿಎಚ್‌ಡಿ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿ ಮುಂದಿನವರನ್ನು ಕರೆದರು.

ಮೇಡಂ ಬಾಗಿಲ ತನಕ ಬಂದು ಬೆನ್ನು ಸವರಿದರು. "ಹೋಗ್ತಾ ಪಾತಿಗಳಿಗೆ ಒಂಚೂರು ನೀರು ಬಿಟ್ಟು ಹೋಗಮ್ಮ. ಬಿಸಿಲು ಜಾಸ್ತಿ ಇದೆ."

ಅವಳು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಹಿಂದಿನ ದಿನ ಅಗೆದಿದ್ದ ಗುಂಡಿಯನ್ನು ಯಾರೋ ಮುಚ್ಚಿ, ಇಟ್ಟಿಗೆ ಜೋಡಿಸಿ, ಮಣ್ಣು ತುಳಿದು ಸಮ ಮಾಡಿದ್ದರು. ಅವಳು ಅಲ್ಲಿಗೂ ನೀರು ಬಿಟ್ಟಳು.